ಫರಿಸಾಯರು, ಸದ್ದುಕಾಯರು, ಶಾಸ್ತ್ರಿಗಳು, ಸುಂಕದವರು: ಸುವಾರ್ತೆಯಲ್ಲಿ ಬರುವ ಇವರೆಲ್ಲ ಯಾರು?

ಶಿರಸಿ_ಓದುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕ್ರೈಸ್ತನಲ್ಲ. ಓದುವ ಚಪಲಕ್ಕೆ ಮಾರ್ಕನ ಸುವಾರ್ತೆ ಹಿಡಿದಿದ್ದೇನೆ, ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು ಅಂತ. ಕಥೆ ಚೆನ್ನಾಗಿ ಓಡುತ್ತದೆ, ಆದರೆ ಎರಡನೇ ಅಧ್ಯಾಯ ಮುಗಿಯುವಷ್ಟರಲ್ಲೇ ಶಾಸ್ತ್ರಿಗಳು, ಸುಂಕದವರು, ಫರಿಸಾಯರು, ಯೋಹಾನನ ಶಿಷ್ಯರು ಅಂತ ಸಾಲುಸಾಲಾಗಿ ಬಂದುಬಿಟ್ಟರು. ಮೂರರಲ್ಲಿ ಹೆರೋದ್ಯರು. ಮುಂದೆ ಹನ್ನೆರಡರಲ್ಲಿ ಸದ್ದುಕಾಯರು ಅಂತ ಇನ್ನೊಂದು ಗುಂಪು. ಬರೆದವನು ಇವರೆಲ್ಲ ನಮಗೆ ಗೊತ್ತೇ ಇದ್ದಾರೆ ಅನ್ನೋ ಹಾಗೆ ಹೆಸರು ಹೇಳಿ ಮುಂದಕ್ಕೆ ಹೋಗುತ್ತಾನೆ.

ಗೆಳೆಯನೊಬ್ಬನನ್ನು ಕೇಳಿದೆ. "ಫರಿಸಾಯ ಅಂದ್ರೆ ಕಪಟಿ, ಸದ್ದುಕಾಯ ಅಂದ್ರೆ ನಾಸ್ತಿಕ, ಸುಂಕದವನು ಅಂದ್ರೆ ಪಾಪಿ, ಅಷ್ಟೇ" ಅಂದ. ಅಷ್ಟೇನಾ? ಇವರು ಪೂಜಾರಿಗಳಾ, ಜಾತಿನಾ, ಪಕ್ಷನಾ? ಸುಂಕದವರ ಜೊತೆ ಕೂತು ಊಟ ಮಾಡಿದ್ದಕ್ಕೆ ಅಷ್ಟು ಗಲಾಟೆ ಯಾಕೆ? ದಯವಿಟ್ಟು ಪ್ರವಚನ ಬೇಡ. ಆ ಕಾಲದಲ್ಲಿ ಇವರು ಏನು ಕೆಲಸ ಮಾಡುತ್ತಿದ್ದರು, ಯಾರಿಗೆ ಯಾರನ್ನು ಕಂಡರೆ ಆಗುತ್ತಿರಲಿಲ್ಲ, ಯಾಕೆ, ಇಷ್ಟು ಹೇಳಿದರೆ ಸಾಕು.

ಭಾನುವಾರದ_ಮೇಷ್ಟ್ರು:

ಒಳ್ಳೆ ಪ್ರಶ್ನೆ. ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವವನು ನಾನು, ನಿಮ್ಮ ಗೆಳೆಯ ಕೊಟ್ಟ ಉತ್ತರವನ್ನೇ ಎಷ್ಟೋ ಕಡೆ ಹೇಳಿಕೊಡುತ್ತಾರೆ. ಅದನ್ನು ನಂಬಿಕೊಂಡು ಓದಿದರೆ ಅರ್ಧ ಕಥೆ ಕೈಬಿಟ್ಟು ಹೋಗುತ್ತದೆ.

ಮೊದಲನೆಯದಾಗಿ ಇವೆಲ್ಲ ಒಂದೇ ಥರದ ಹೆಸರುಗಳಲ್ಲ. ಯಾಜಕ (ದೇವಾಲಯದ ಪೂಜಾರಿ), ಲೇವಿಯ (ಅಲ್ಲಿ ಯಾಜಕರಿಗೆ ನೆರವಾಗುವವನು) ಅನ್ನೋದು ಹುಟ್ಟಿನಿಂದ ಬರುವುದು. ಅಪ್ಪ ಯಾಜಕನಾಗಿದ್ದರೆ ಮಗ ಯಾಜಕ. ಶಾಸ್ತ್ರಿ, ಸುಂಕದವನು ಅನ್ನೋದು ಉದ್ಯೋಗ. ಫರಿಸಾಯ, ಸದ್ದುಕಾಯ ಅನ್ನೋದು ಪಂಥ. ಸಮಾರ್ಯದವನು ಅನ್ನೋದು ಬೇರೆ ಜನಾಂಗ. ಹಾಗಾಗಿ ಒಬ್ಬನೇ ಎರಡೆರಡು ಆಗಿರಬಹುದು. ಮಾರ್ಕ 2:16ರಲ್ಲಿ ಫರಿಸಾಯರ ಪೈಕಿ ಶಾಸ್ತ್ರಿಗಳು ಅಂತಲೇ ಬರುತ್ತದೆ. ಶಾಸ್ತ್ರಿ ಅಂದರೆ ಓದು ಬರಹ ಬಲ್ಲವನು, ಧರ್ಮಶಾಸ್ತ್ರ ತಿಳಿದವನು, ಹಳ್ಳಿಯಲ್ಲಾದರೆ ಸಾಲಪತ್ರ, ವಿಚ್ಛೇದನ ಪತ್ರ ಬರೆದುಕೊಡುವವನೂ ಅವನೇ. ಬಹುಪಾಲು ಜನಕ್ಕೆ ಓದಲು ಬರದ ಕಾಲ ಅದು. ಅವನ ಮಾತಿಗೆ ತೂಕ ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾ?

ಈಗ ಫರಿಸಾಯರು. ಬಹಳ ಜನ ಇವರನ್ನು ಪೂಜಾರಿಗಳು ಅಂದುಕೊಳ್ಳುತ್ತಾರೆ, ಹೆಚ್ಚಿನವರು ಅಲ್ಲ. ಮೊದಲನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್, ಹೆರೋದ ರಾಜನ ಕಾಲದಲ್ಲಿ ಇವರು ಸುಮಾರು 6,000 ಮಂದಿ ಇದ್ದರು ಅಂತ ಬರೆದಿದ್ದಾನೆ. ಸಂಖ್ಯೆ ಸಣ್ಣದು, ಆದರೆ ಜನರ ಒಲವು ಇವರ ಕಡೆಗಿತ್ತು ಅಂತಲೂ ಅವನೇ ಹೇಳುತ್ತಾನೆ. ಇವರ ಹಟ ಒಂದೇ. ದೇವರ ನಿಯಮ ಯೆರೂಸಲೇಮಿನ ದೇವಾಲಯದ ಒಳಗೆ ಮಾತ್ರ ಅಲ್ಲ, ಮನೆಯ ಅಡಿಗೆಮನೆಯಲ್ಲೂ ನಡೆಯಬೇಕು. ಯಾಜಕರಿಗೆ ದೇವಾಲಯದಲ್ಲಿ ಇದ್ದ ಮಡಿಯನ್ನು ರೈತ, ಕುಂಬಾರನೂ ತನ್ನ ಊಟದಲ್ಲಿ ಪಾಲಿಸಲಿ ಅನ್ನೋದು. ಮಾರ್ಕ 7ರಲ್ಲಿ ಕೈ ತೊಳೆಯದೆ ಊಟ ಮಾಡಿದ್ದಕ್ಕೆ ಜಗಳ ಬರುವುದು ಇದೇ ಕಾರಣಕ್ಕೆ. ಬಟ್ಟಲು, ತಂಬಿಗೆ, ತಾಮ್ರದ ಪಾತ್ರೆ ತೊಳೆಯುವ ವಿಷಯವೂ ಅಲ್ಲೇ ಬರುತ್ತದೆ. ಅದು ಕೊಳೆಯ ಮಾತಲ್ಲ, ಮಡಿ-ಮೈಲಿಗೆ ಮಾತು.

ಒಂದು ಸಣ್ಣ ವಿಷಯ ಹೇಳುತ್ತೇನೆ, ನನಗೆ ಬಹಳ ಇಷ್ಟ. ಮಣ್ಣಿನ ಪಾತ್ರೆ ಮೈಲಿಗೆ ಆದರೆ ಒಡೆದು ಹಾಕಲೇಬೇಕು, ಮೋಶೆಯ ಐದು ಪುಸ್ತಕಗಳಲ್ಲಿ ಒಂದಾದ ಯಾಜಕಕಾಂಡದ ನಿಯಮ. ಆದರೆ ಕಲ್ಲಿನ ಪಾತ್ರೆಗೆ ಮೈಲಿಗೆ ಹತ್ತುವುದಿಲ್ಲ ಅಂತ ಎಣಿಕೆ ಇತ್ತು. ಅದಕ್ಕೆ ಆ ಕಾಲದ ಮನೆಗಳ ಅವಶೇಷದಲ್ಲಿ ಸುಣ್ಣಕಲ್ಲಿನ ಲೋಟ, ಬೋಗುಣಿ, ದೊಡ್ಡ ಬಾನಿ ಎಷ್ಟೊಂದು ಸಿಗುತ್ತವೆ ಅಂದರೆ, ದಕ್ಷಿಣದ ಯೂದಾಯ ಇರಲಿ ಉತ್ತರದ ಗಲಿಲಾಯ ಇರಲಿ, ಅಗೆದಲ್ಲೆಲ್ಲ ಅವೇ. ನಜರೇತಿನ ಹತ್ತಿರವೇ ಇಂಥ ಪಾತ್ರೆ ಕೊರೆಯುತ್ತಿದ್ದ ಜಾಗ ಸಿಕ್ಕಿದೆ. ಯೋಹಾನ 2ರಲ್ಲಿ ಕಾನಾ ಊರಿನ ಮದುವೆಮನೆಯಲ್ಲಿ ಆರು ಕಲ್ಲಿನ ಬಾನಿಗಳಿದ್ದವು ಅಂತ ಬರುತ್ತದಲ್ಲ, ಅವು ಯಾಕೆ ಕಲ್ಲಿನವು ಅಂತ ಈಗ ತಿಳಿಯಿತಲ್ವಾ? ಅಂದರೆ ಈ ಮಡಿ ಫರಿಸಾಯರೊಬ್ಬರ ಹುಚ್ಚಲ್ಲ, ಸಾಮಾನ್ಯ ಜನರೂ ಪಾಲಿಸುತ್ತಿದ್ದರು.

ಸದ್ದುಕಾಯರು ಇದಕ್ಕೆ ಉಲ್ಟಾ. ದುಡ್ಡಿದ್ದವರು, ಮಹಾಯಾಜಕರ ಮನೆತನಗಳ ನಂಟು, ಹಿಡಿತ ಎಲ್ಲ ದೇವಾಲಯದ ಸುತ್ತ. ಬರೆದಿಟ್ಟ ಧರ್ಮಶಾಸ್ತ್ರ ಮಾತ್ರ ಪ್ರಮಾಣ, ಹಿರಿಯರ ಸಂಪ್ರದಾಯ ಗಿಂಪ್ರದಾಯ ನಮಗೆ ಬೇಡ ಅನ್ನುವವರು. ಸತ್ತವರು ಎದ್ದು ಬರುತ್ತಾರೆ ಅನ್ನೋದನ್ನು ಒಪ್ಪುತ್ತಿರಲಿಲ್ಲ. ನಾಸ್ತಿಕರಲ್ಲ, ದಿನಾ ಬೆಳಿಗ್ಗೆ ಸಂಜೆ ಬಲಿ ಕೊಡಿಸುತ್ತಿದ್ದವರನ್ನು ನಾಸ್ತಿಕರು ಅನ್ನೋದು ಹೇಗೆ! ಮಾರ್ಕ 12ರಲ್ಲಿ ಏಳು ಜನ ಅಣ್ಣತಮ್ಮಂದಿರನ್ನು ಒಬ್ಬರಾದ ಮೇಲೆ ಒಬ್ಬರಂತೆ ಮದುವೆಯಾದ ಹೆಂಗಸಿನ ಪ್ರಶ್ನೆ ತರುವುದು ಇವರೇ, ಪುನರುತ್ಥಾನವನ್ನು ಗೇಲಿ ಮಾಡಲು. ಯೇಸು ಕೊಟ್ಟ ಉತ್ತರ ನೋಡಿ, ಪ್ರವಾದಿಗಳ ಪುಸ್ತಕದಿಂದ ಅಲ್ಲ, ವಿಮೋಚನಕಾಂಡದ ಉರಿಯುವ ಪೊದೆಯ ಪ್ರಸಂಗದಿಂದ. ಅವರು ಅಲ್ಲಗಳೆಯಲಾಗದ ಪುಸ್ತಕದಿಂದಲೇ ಹಿಡಿದ.

ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಸುಟ್ಟರು. ಸದ್ದುಕಾಯರ ಸುದ್ದಿ ಅಲ್ಲಿಗೆ ಮುಗಿಯಿತು. ಫರಿಸಾಯರ ದಾರಿ ಅಡಿಗೆಮನೆ, ಊಟದ ಮೇಜು, ಸಭಾಮಂದಿರಗಳಲ್ಲಿ ಇತ್ತಲ್ಲ, ಅದು ಉಳಿಯಿತು. ಮುಂದೆ ರಬ್ಬಿಗಳ ಸಂಪ್ರದಾಯ ಬೆಳೆದದ್ದು ಬಹುಮಟ್ಟಿಗೆ ಅದೇ ಬೇರಿನಿಂದ.

ಸುಂಕದಕಟ್ಟೆ_ನಿವಾಸಿ:

ನಾನಿರುವ ಏರಿಯಾದ ಹೆಸರೇ ಸುಂಕದಕಟ್ಟೆ, ಹಾಗಾಗಿ ಸುಂಕದವರ ಪರವಾಗಿ ನಾನೇ ಬರಬೇಕು :)

ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಅಂತ ನಮ್ಮಲ್ಲಿ ಗಾದೆಯೇ ಇದೆ. ಗಲಿಲಾಯದಲ್ಲೂ ಇದೇ ಕಥೆ. ನಮ್ಮ ಹಳ್ಳಿಗಳಲ್ಲಿ ಸಂತೆ ಸುಂಕ ಎತ್ತುವ ಹಕ್ಕನ್ನು ಪಂಚಾಯಿತಿಯವರು ಹರಾಜು ಹಾಕುತ್ತಾರಲ್ಲ, ಸುಮಾರು ಆ ಪದ್ಧತಿ. ಇಂತಿಷ್ಟು ಕೊಡುತ್ತೇನೆ ಅಂತ ಕೂಗಿ ಗುತ್ತಿಗೆ ಹಿಡಿದವನು ಆ ಮೊತ್ತ ಕಟ್ಟಬೇಕು, ಮೇಲೆ ಎಷ್ಟು ಕಿತ್ತರೂ ಅವನ ಜೇಬಿಗೆ. ಅವನ ಕೈಕೆಳಗೆ ಕಟ್ಟೆ ಮೇಲೆ ಕೂತು ಗಂಟುಮೂಟೆ ಬಿಚ್ಚಿಸುವ ಆಳುಗಳು. ಮಾರ್ಕ 2ರಲ್ಲಿ ಯೇಸು ಕರೆಯುವ ಲೇವಿ (ಮತ್ತಾಯನ ಸುವಾರ್ತೆಯಲ್ಲಿ ಇವನ ಹೆಸರೇ ಮತ್ತಾಯ) ಅಂಥ ಕಟ್ಟೆಯಲ್ಲಿ ಕೂತವನು. ಯೆರಿಕೋವಿನ ಜಕ್ಕಾಯ ಮೇಲಿನ ಹಂತದವನು, ಲೂಕ ಅವನನ್ನು ಸುಂಕದವರಲ್ಲಿ ಮುಖ್ಯಸ್ಥ, ಐಶ್ವರ್ಯವಂತ ಅನ್ನುತ್ತಾನೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಜಾಸ್ತಿ ಓಡಾಡುತ್ತದೆ. ಲೇವಿ ರೋಮನ್ ಸರ್ಕಾರದ ನೌಕರ, ದೇಶದ್ರೋಹಿ ಅಂತ ಬೋಧನೆಗಳಲ್ಲಿ ಹೇಳುತ್ತಾರೆ. ಆ ಕಾಲದಲ್ಲಿ ಗಲಿಲಾಯದಲ್ಲಿ ರೋಮನ್ ಅಧಿಪತಿ ಇರಲೇ ಇಲ್ಲ. ಅಲ್ಲಿ ಆಳುತ್ತಿದ್ದವನು ಹೆರೋದ ಅಂತಿಪ, ದೊಡ್ಡ ಹೆರೋದನ ಮಗ, ಕ್ರಿ.ಪೂ. 4ರಿಂದ ಕ್ರಿ.ಶ. 39ರವರೆಗೆ. ಕಪೆರ್ನೌಮ್ ಇರುವುದು ಸರೋವರದ ದಡದಲ್ಲಿ, ಅಂತಿಪನ ಸೀಮೆ ಮುಗಿದು ಅವನ ಮಲಸೋದರ ಫಿಲಿಪ್ಪನ ಸೀಮೆ ಶುರುವಾಗುವ ಹತ್ತಿರ. ಅಲ್ಲಿ ಕಟ್ಟೆ ಇಲ್ಲದಿದ್ದರೇ ಆಶ್ಚರ್ಯ. ಲೇವಿ ಎತ್ತಿದ ಸುಂಕ ಹೋಗುತ್ತಿದ್ದುದು ಅಂತಿಪನ ಖಜಾನೆಗೆ. ಅಂತಿಪ ರೋಮಿನ ಕೃಪೆಯಲ್ಲಿ ಇದ್ದವನು ಅನ್ನೋದು ಬೇರೆ ಮಾತು. ಯೂದಾಯದಲ್ಲಿ ಮಾತ್ರ ಕ್ರಿ.ಶ. 6ರಿಂದ ರೋಮ್ ನೇರವಾಗಿ ಅಧಿಕಾರಿ ಇಟ್ಟು ಆಳುತ್ತಿತ್ತು. ಜಕ್ಕಾಯನ ಯೆರಿಕೋ ಆ ಭಾಗಕ್ಕೆ ಸೇರಿದ್ದು.

ಊಟದ ಗಲಾಟೆಗೆ ಬರೋಣ. ಮೇಷ್ಟ್ರು ಹೇಳಿದ ಮಡಿಯ ವಿಷಯ ಇದ್ದೇ ಇದೆ, ಕಂಡವರ ಸಾಮಾನು ಮುಟ್ಟಿ ಹುಡುಕುವವನ ಮನೆ ಊಟ ಅದು. ಆದರೆ ನನ್ನ ಪ್ರಕಾರ ಸಿಟ್ಟಿನ ಮೂಲ ದುಡ್ಡು. ಮೀನುಗಾರ ಬೆವರು ಸುರಿಸಿ ತಂದದ್ದರಲ್ಲಿ ಕಿತ್ತುಕೊಂಡ ದುಡ್ಡಿನ ಊಟಕ್ಕೆ ಒಬ್ಬ ಬೋಧಕ ಹೋಗಿ ಕೂತರೆ ಊರವರಿಗೆ ಉರಿಯದೆ ಇರುತ್ತದಾ? ಸ್ನಾನಿಕ ಯೋಹಾನನ (ಜನರಿಗೆ ನೀರಿನಲ್ಲಿ ದೀಕ್ಷಾಸ್ನಾನ ಮಾಡಿಸುತ್ತಿದ್ದ ಬೋಧಕ) ಹತ್ತಿರ ಸುಂಕದವರು ನಾವೇನು ಮಾಡಬೇಕು ಅಂತ ಕೇಳಿದಾಗ ಅವನು ಕೆಲಸ ಬಿಡಿ ಅನ್ನಲಿಲ್ಲ, ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ಕೇಳಬೇಡಿ ಅಂದ. ಜಕ್ಕಾಯ ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಅಂದದ್ದೂ ಬಾಯಿಗೆ ಬಂದ ಲೆಕ್ಕ ಅಲ್ಲ. ಕದ್ದ ಕುರಿಗೆ ನಾಲ್ಕು ಕುರಿ ತೆರಬೇಕು ಅಂತ ವಿಮೋಚನಕಾಂಡದಲ್ಲಿದೆ. ಕಳ್ಳನಿಗೆ ಹಾಕುವ ದಂಡವನ್ನು ತನಗೆ ತಾನೇ ಹಾಕಿಕೊಂಡ.

ನೇರ_ಮಾತು:

ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ಫರಿಸಾಯರಿಗೆ ಸ್ವಲ್ಪ ಜಾಸ್ತಿಯೇ ಬಣ್ಣ ಬಳಿದಿರಿ. ಮತ್ತಾಯ 23 ತೆಗೆದು ನೋಡಿ. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಪಾಲು ಲೆಕ್ಕ ಹಾಕಿ ಕೊಡುತ್ತೀರಿ, ನ್ಯಾಯ, ಕರುಣೆ ಬಿಟ್ಟಿದ್ದೀರಿ ಅಂತ ಯೇಸು ಬೈಯುವುದು ಯಾರನ್ನು? ಕಪಟಿಗಳು ಅನ್ನುವ ಮಾತು ಆ ಒಂದು ಅಧ್ಯಾಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಸುಣ್ಣ ಬಳಿದ ಸಮಾಧಿ ಅಂತಲೂ ಅನ್ನುತ್ತಾನೆ. ಇಷ್ಟಾದ ಮೇಲೂ ಅವರು ಒಳ್ಳೆಯವರು ಪಾಪ ಅನ್ನೋದು ಹೊಸ ಫ್ಯಾಷನ್ ಅಷ್ಟೇ.

ಭಾನುವಾರದ_ಮೇಷ್ಟ್ರು:

ಬೇಜಾರೇನಿಲ್ಲ, ನೀವು ಹೇಳಿದ ಅಧ್ಯಾಯವನ್ನೇ ಇಟ್ಟುಕೊಂಡು ಮಾತಾಡೋಣ. ಅದರ ಎರಡು, ಮೂರನೇ ವಚನದಲ್ಲಿ ಏನಿದೆ? ಅವರು ಮೋಶೆಯ ಪೀಠದಲ್ಲಿ ಕೂತಿದ್ದಾರೆ, ಅವರು ಹೇಳಿದ್ದನ್ನೆಲ್ಲ ಮಾಡಿ, ಅವರು ನಡೆಯುವ ಹಾಗೆ ನಡೆಯಬೇಡಿ. ಪಾಠ ಸರಿ, ಮೇಷ್ಟ್ರು ಸರಿಯಿಲ್ಲ ಅನ್ನುವ ದೂರು ಅದು (ನನಗೂ ಮುಟ್ಟುತ್ತದೆ ಬಿಡಿ). ಸದ್ದುಕಾಯರಿಗೆ ಇಷ್ಟು ಉದ್ದದ ಬೈಗುಳ ಎಲ್ಲೂ ಸಿಕ್ಕಿಲ್ಲ, ಯಾಕಂದರೆ ಅವರ ಜೊತೆ ಜಗಳಕ್ಕೆ ಬೇಕಾದಷ್ಟು ಹೊಂದಾಣಿಕೆಯೂ ಇರಲಿಲ್ಲ. ಪುನರುತ್ಥಾನ, ದೇವದೂತರು, ಪ್ರವಾದಿಗಳು, ಇವೆಲ್ಲದರಲ್ಲಿ ಯೇಸು ನಿಂತದ್ದು ಫರಿಸಾಯರ ಪಕ್ಕದಲ್ಲೇ. ದಾಯಾದಿಗಳ ಜಗಳವೇ ಜೋರು ಅಲ್ವಾ?

ಮತ್ತೆ ಲೂಕ ನೋಡಿ. 7ರಲ್ಲಿ ಯೇಸು ಫರಿಸಾಯನ ಮನೆಗೆ ಊಟಕ್ಕೆ ಹೋಗುತ್ತಾನೆ. 13:31ರಲ್ಲಿ ಕೆಲವು ಫರಿಸಾಯರೇ ಓಡಿ ಬಂದು, ಹೆರೋದ (ಅಂತಿಪ) ನಿನ್ನನ್ನು ಕೊಲ್ಲಬೇಕೆಂದಿದ್ದಾನೆ, ಇಲ್ಲಿಂದ ಹೋಗು ಅನ್ನುತ್ತಾರೆ. ಅಪೊಸ್ತಲರ ಕೃತ್ಯಗಳು 5ರಲ್ಲಿ ಪೇತ್ರ ಮುಂತಾದವರ ಜೀವ ಉಳಿಸುವ ಮಾತಾಡುವ ಗಮಲಿಯೇಲ ಫರಿಸಾಯ. ನಿಕೊದೇಮ ಫರಿಸಾಯ. ಯೇಸುವಿನ ಸಂದೇಶ ಸಾರುತ್ತಿದ್ದ ಪೌಲನಂತೂ ಯೆಹೂದಿಗಳ ಹಿರೀಸಭೆಯ ಮುಂದೆ ನಿಂತು "ನಾನು ಫರಿಸಾಯ" ಅನ್ನುತ್ತಾನೆ, ಇದ್ದೆ ಅಲ್ಲ. ಹಾಗೆ ಅಂದ ತಕ್ಷಣ ಸಭೆಯೊಳಗೇ ಫರಿಸಾಯರಿಗೂ ಸದ್ದುಕಾಯರಿಗೂ ಹತ್ತಿಕೊಂಡಿತು. ಓದಿ, ಒಳ್ಳೆ ಮಜವಾಗಿದೆ. ಅಪೊಸ್ತಲರ ಕೃತ್ಯಗಳು 23ನೇ ಅಧ್ಯಾಯ.

ಸುಣ್ಣ ಬಳಿದ ಸಮಾಧಿ ಅಂದಿರಲ್ಲ, ಅದು ಚೆಂದ ಕಾಣಲಿ ಅಂತ ಬಳಿಯುತ್ತಿದ್ದ ಸುಣ್ಣ ಅಲ್ಲ. ಯೆಹೂದಿಗಳ ದೊಡ್ಡ ಹಬ್ಬವಾದ ಪಸ್ಕಕ್ಕೆ ಪರಸ್ಥಳದಿಂದ ಬರುವ ಯಾತ್ರಿಕರು ಗೊತ್ತಿಲ್ಲದೆ ಸಮಾಧಿ ಮುಟ್ಟಿ ಮೈಲಿಗೆಯಾಗಿ ಹಬ್ಬ ತಪ್ಪಿಸಿಕೊಳ್ಳಬಾರದು ಅಂತ ಹಬ್ಬದ ಮುಂಚೆ ಗುರುತು ಹಾಕುತ್ತಿದ್ದರು. ಕೇಳಿಸಿಕೊಂಡವರಿಗೆ ಆ ಬೈಗುಳ ಎಷ್ಟು ಚುರುಕಾಗಿತ್ತು ಅಂತ ಊಹಿಸಿ: ನಿಮ್ಮನ್ನು ಮುಟ್ಟಿದರೆ ಮೈಲಿಗೆ, ಅಂತ ಮಡಿವಂತರಿಗೇ ಹೇಳಿದ್ದು.

ನೇರ_ಮಾತು:

ಸುಣ್ಣದ ವಿಷಯ ಗೊತ್ತಿರಲಿಲ್ಲ. ಆದರೂ ಮತ್ತಾಯ ಬರೆದವನಿಗೆ ಅವರ ಮೇಲೆ ಸಿಟ್ಟಿತ್ತು ಅನ್ನೋದಂತೂ ನಿಜ.

ಭಾನುವಾರದ_ಮೇಷ್ಟ್ರು:

ಇತ್ತು, ಒಪ್ಪಿದೆ. ಆ ಸುವಾರ್ತೆ 70ರ ನಂತರ ಬರೆದದ್ದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ದೇವಾಲಯ ಹೋದ ಮೇಲೆ ಕಣದಲ್ಲಿ ಉಳಿದವರು ಫರಿಸಾಯರ ಕಡೆಯವರು, ಯೇಸುವಿನ ಕಡೆಯವರು. ಆ ಪೈಪೋಟಿಯ ಬಿಸಿ ಬರಹಕ್ಕೆ ತಟ್ಟಿದೆ ಅಂತಲೇ ನನಗೂ ಅನಿಸುತ್ತದೆ.

ಶಿರಸಿ_ಓದುಗ:

ಬಹಳ ಉಪಕಾರ ಆಯ್ತು. ಒಂದು ಅನುಮಾನ. ಮಾರ್ಕ ಮುಗಿಸಿದೆ. 12ನೇ ಅಧ್ಯಾಯದ ನಂತರ ಫರಿಸಾಯರು ಕಾಣಿಸುವುದೇ ಇಲ್ಲ! ಹಿಡಿಯಲು ಜನ ಕಳಿಸುವುದು, ವಿಚಾರಣೆ, ರೋಮನ್ ಅಧಿಪತಿ ಪಿಲಾತನಿಗೆ ಒಪ್ಪಿಸುವುದು ಎಲ್ಲ ಮುಖ್ಯ ಯಾಜಕರು, ಹಿರಿಯರು, ಶಾಸ್ತ್ರಿಗಳು. ಅಷ್ಟು ದಿನ ಜಗಳ ಆಡಿದವರು ಎಲ್ಲಿ ಹೋದರು?

ಭಾನುವಾರದ_ಮೇಷ್ಟ್ರು:

ಚೆನ್ನಾಗಿ ಗಮನಿಸಿದ್ದೀರಿ. ಯೋಹಾನನ ಸುವಾರ್ತೆಯಲ್ಲಿ ಹಿಡಿಯಲು ಬರುವಾಗ ಫರಿಸಾಯರ ಹೆಸರೂ ಬರುತ್ತದೆ, ಆದರೆ ಮಾರ್ಕನಲ್ಲಿ ನೀವು ಹೇಳಿದ್ದು ಸರಿ. ಕಾರಣ ಜಾಗ. ಗಲಿಲಾಯದ ಹಳ್ಳಿಯಲ್ಲಿ ಸಬ್ಬತ್ತು (ವಾರದ ವಿಶ್ರಾಂತಿ ದಿನ), ಉಪವಾಸ, ಕೈ ತೊಳೆಯುವುದರ ಬಗ್ಗೆ ವಾದ ಮಾಡಿದರೆ ವಾದವಾಗಿ ಮುಗಿಯುತ್ತದೆ. ಯೆರೂಸಲೇಮಿಗೆ ಬಂದು, ಅದೂ ಪಸ್ಕದ ಜನಜಾತ್ರೆಯ ವಾರದಲ್ಲಿ, ದೇವಾಲಯದ ಅಂಗಳದಲ್ಲಿ ಚಿನಿವಾರರ (ನಾಣ್ಯ ಬದಲಿಸಿಕೊಡುವವರ) ಮೇಜು ಕೆಡವಿದರೆ ಅದು ಮಹಾಯಾಜಕನ ಬಾಗಿಲು ಬಡಿದ ಹಾಗೆ.

ಚಿನಿವಾರರು ಅಲ್ಲಿ ಯಾಕಿದ್ದರು ಅಂದರೆ, ವರ್ಷಕ್ಕೆ ಅರ್ಧ ಶೆಕೆಲ್ ದೇವಾಲಯದ ಕಾಣಿಕೆಯನ್ನು ತೂರ್ ಪಟ್ಟಣದ ಬೆಳ್ಳಿ ನಾಣ್ಯದಲ್ಲೇ ಕೊಡಬೇಕಿತ್ತು. ಅದರ ಬೆಳ್ಳಿ ಚೊಕ್ಕ. ಪಕ್ಕದಲ್ಲಿ ಪಾರಿವಾಳ ಮಾರುವವರು. ಕುರಿ ಕೊಡಲಾಗದ ಬಡವರ ಬಲಿ ಪಾರಿವಾಳ, ಮರಿಯಳೂ ಯೋಸೇಫನೂ ಮಗು ಹುಟ್ಟಿದಾಗ ಕೊಟ್ಟದ್ದು ಅಂಥದ್ದೇ.

ಮಹಾಯಾಜಕನ ಪಾಡು ಕೇಳಿ. ಅವನನ್ನು ಪದವಿಗೆ ಏರಿಸುವವನೂ ಇಳಿಸುವವನೂ ರೋಮನ್ ಅಧಿಪತಿ. ಆಗಿನ ಮಹಾಯಾಜಕ ಕಾಯಫ ಸುಮಾರು ಕ್ರಿ.ಶ. 18ರಿಂದ 36ರವರೆಗೆ ಆ ಪದವಿಯಲ್ಲಿ ಕೂತಿದ್ದ. ಅವನ ಹಿಂದಿನ ಮೂರು ಜನ ಬೇಗ ಬೇಗ ಬದಲಾದರು, ಇವನು ಅಷ್ಟು ವರ್ಷ ಉಳಿದುಕೊಂಡ ಅಂದರೆ ಪಿಲಾತನ ಮನಸ್ಸು ಓದುವುದು ಗೊತ್ತಿತ್ತು ಅಂತ ಅರ್ಥ. ಇನ್ನೂ ವಿಚಿತ್ರ ಏನಂದರೆ, ಮಹಾಯಾಜಕ ಹಬ್ಬದಲ್ಲಿ ತೊಡುವ ಪವಿತ್ರ ಉಡುಪು ಅವನ ಕೈಯಲ್ಲೇ ಇರಲಿಲ್ಲ! ದೇವಾಲಯಕ್ಕೆ ಅಂಟಿಕೊಂಡಿದ್ದ ಅಂತೋನಿಯ ಕೋಟೆಯಲ್ಲಿ ರೋಮನ್ ಕಾವಲಿನಲ್ಲಿ ಬೀಗ ಹಾಕಿ ಇಟ್ಟಿರುತ್ತಿದ್ದರು. ಹಬ್ಬ ಬಂದಾಗ ಹೊರಗೆ ಕೊಡುವುದು, ಮುಗಿದ ಮೇಲೆ ಮತ್ತೆ ಒಳಗೆ. ಜೋಸೆಫಸ್ ಇದನ್ನು ವಿವರವಾಗಿ ಬರೆದಿದ್ದಾನೆ. ಅಂಥ ಸ್ಥಿತಿಯಲ್ಲಿರುವವನು ಹಬ್ಬದ ವಾರ ಜನ ದಂಗೆ ಎದ್ದಾರು ಅಂತ ಹೆದರದೆ ಏನು ಮಾಡಿಯಾನು? ಯೋಹಾನ 11ರಲ್ಲಿ ಕಾಯಫ ಹೇಳುವ ಮಾತು ಅದೇ ಹೆದರಿಕೆಯದ್ದು, ಜನಾಂಗವೆಲ್ಲ ಹಾಳಾಗುವುದಕ್ಕಿಂತ ಒಬ್ಬ ಸಾಯುವುದು ವಾಸಿ ಅಂತ. 1990ರಲ್ಲಿ ಯೆರೂಸಲೇಮಿನ ದಕ್ಷಿಣಕ್ಕೆ ಒಂದು ಸಮಾಧಿ ಗುಹೆ ಸಿಕ್ಕಿತು, ಅದರಲ್ಲಿ ಚಂದ ಕೆತ್ತನೆಯ ಅಸ್ಥಿಪೆಟ್ಟಿಗೆಯ ಮೇಲೆ ಕಾಯಫನ ಮಗ ಯೋಸೇಫ ಅಂತ ಗೀಚಿದೆ. ಇದೇ ಕಾಯಫನದ್ದು ಅಂತ ಬಹಳ ಜನ ಒಪ್ಪುತ್ತಾರೆ.

ಬಯಲುಸೀಮೆ_ಅಕ್ಕ:

ಸಮಾರ್ಯದವರ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಹೇಳಿಬಿಡುತ್ತೇನೆ. ಮಾರ್ಕನಲ್ಲಿ ಅವರಿಲ್ಲ, ಆದರೆ ಲೂಕ ಓದುವಾಗ ಸಿಗುತ್ತಾರೆ.

ಈಗ "ಗುಡ್ ಸಮಾರಿಟನ್" ಅಂದರೆ ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸುವ ಪುಣ್ಯಾತ್ಮ ಅಂತ ಎಲ್ಲರಿಗೂ ಗೊತ್ತು. ನಮ್ಮ ಕರ್ನಾಟಕದಲ್ಲೇ 2016ರಲ್ಲಿ ಆ ಹೆಸರಿನ ಕಾನೂನು ಮಾಡಿದರು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಾಗಾಗಿ ಸಮಾರ್ಯದವನು ಅಂದರೆ ಒಳ್ಳೆಯವನು ಅಂತ ತಲೆಯಲ್ಲಿ ಕೂತುಬಿಟ್ಟಿದೆ, ಕಥೆಯ ಪೆಟ್ಟು ತಾಗುವುದೇ ಇಲ್ಲ. ಆಗ ಕೂತು ಕೇಳುತ್ತಿದ್ದವರಿಗೆ ಸಮಾರ್ಯದವನು ಅಂದರೆ ಆಗದವನು. ಅವರೂ ಮೋಶೆಯ ಐದು ಪುಸ್ತಕ ಒಪ್ಪುವವರೇ, ಆದರೆ ಪೂಜೆ ಯೆರೂಸಲೇಮಿನಲ್ಲಲ್ಲ, ಗೆರಿಜೀಮ್ ಬೆಟ್ಟದಲ್ಲಿ. ಆ ಬೆಟ್ಟದ ದೇವಾಲಯವನ್ನು ಯೇಸುವಿಗೆ ನೂರು ವರ್ಷಕ್ಕೂ ಮುಂಚೆ ಯೆಹೂದಿಗಳನ್ನು ಆಳುತ್ತಿದ್ದ ಮಹಾಯಾಜಕ ಹಿರ್ಕಾನ ಕೆಡವಿಸಿದ್ದ. ಲೂಕ 9ರಲ್ಲಿ ಯೇಸು ಯೆರೂಸಲೇಮಿಗೆ ಹೊರಟಿದ್ದಾನೆ ಅಂತ ಗೊತ್ತಾಗಿ ಸಮಾರ್ಯದ ಹಳ್ಳಿಯೊಂದು ಅವನಿಗೆ ಜಾಗ ಕೊಡುವುದಿಲ್ಲ. ಶಿಷ್ಯರಿಬ್ಬರು ಇವರ ಮೇಲೆ ಬೆಂಕಿ ಬೀಳಿಸೋಣವಾ ಅಂತ ಕೇಳಿ ಬೈಸಿಕೊಳ್ಳುತ್ತಾರೆ. ಅದರ ಮುಂದಿನ ಅಧ್ಯಾಯದಲ್ಲೇ ಈ ಕಥೆ: ಯೆರೂಸಲೇಮಿನಿಂದ ಯೆರಿಕೋಗೆ ಹೋಗುವ ದಾರಿಯಲ್ಲಿ ಕಳ್ಳರಿಂದ ಏಟು ತಿಂದು ಬಿದ್ದವನನ್ನು ಯಾಜಕನೂ ಲೇವಿಯನೂ ಕಂಡೂ ಬಿಟ್ಟು ಹೋಗುತ್ತಾರೆ, ಸಮಾರ್ಯದವನು ಎತ್ತಿ ಉಪಚರಿಸಿ ಹೋಟೆಲಿಗೆ ಸೇರಿಸುತ್ತಾನೆ.

ಯಾಜಕ ಪಕ್ಕಕ್ಕೆ ಸರಿದು ಹೋದದ್ದು ಹೆಣ ಮುಟ್ಟಿದರೆ ಮೈಲಿಗೆ ಅಂತ, ದೇವಾಲಯದ ಸೇವೆ ತಪ್ಪುತ್ತದೆ ಅಂತ, ಹೀಗೆ ಬೋಧನೆಯಲ್ಲಿ ಕೇಳಿರುತ್ತೀರಿ. ನನಗೆ ಅದು ಒಪ್ಪಿಗೆ ಇಲ್ಲ. ಅವನು ಆ ದಾರಿಯಲ್ಲಿ ಇಳಿದು ಹೋಗುತ್ತಿದ್ದ ಅಂತ ಬರೆದಿದೆ. ಯೆರೂಸಲೇಮ್ ಬೆಟ್ಟದ ಮೇಲೆ, ಯೆರಿಕೋ ಸಮುದ್ರಮಟ್ಟಕ್ಕಿಂತ ಕೆಳಗೆ, ಸುಮಾರು ಸಾವಿರ ಮೀಟರ್ ಇಳಿಜಾರು. ಇಳಿಯುತ್ತಿದ್ದ ಅಂದರೆ ಸೇವೆಯ ಕಡೆಗೆ ಹೋಗುತ್ತಿರಲಿಲ್ಲ. ಲೇವಿಯನಿಗಂತೂ ಹೆಣದ ಬಗ್ಗೆ ಯಾಜಕನಿಗಿದ್ದ ಕಟ್ಟುನಿಟ್ಟು ಇರಲೇ ಇಲ್ಲ. ಕಥೆ ಅವರಿಗೆ ನೆಪ ಕೊಡುವುದಿಲ್ಲ, ನಾವು ಹುಡುಕಿ ಕೊಡುತ್ತೇವೆ. ಯಾಜಕ, ಲೇವಿಯ ಆದ ಮೇಲೆ ಮೂರನೆಯವನು ನಮ್ಮಂಥ ಸಾಮಾನ್ಯ ಇಸ್ರಾಯೇಲ್ಯ ಅಂತ ಕೇಳುವವರು ಕಾಯುತ್ತಿರುತ್ತಾರೆ, ಆ ಜಾಗಕ್ಕೆ ಆಗದವನು ಬಂದುಬಿಟ್ಟ. ಅವನು ಹೋಟೆಲಿನವನಿಗೆ ಕೊಟ್ಟದ್ದು ಎರಡು ದಿನಾರಿ, ಕೂಲಿಯವನ ಎರಡು ದಿನದ ದುಡಿಮೆ. ಕೊನೆಗೆ ಇವರಲ್ಲಿ ನೆರೆಯವನು ಯಾರು ಅಂತ ಕೇಳಿದಾಗ, ಯೇಸುವಿನ ಜೊತೆ ಮಾತಿಗೆ ನಿಂತಿದ್ದ ಧರ್ಮೋಪದೇಶಕ ಸಮಾರ್ಯದವನು ಅಂತ ಬಾಯಿ ಬಿಟ್ಟು ಹೇಳುವುದೂ ಇಲ್ಲ, ದಯೆ ತೋರಿಸಿದವನು ಅನ್ನುತ್ತಾನೆ.

ಅಂದಹಾಗೆ ಸಮಾರ್ಯದವರು ಇವತ್ತಿಗೂ ಇದ್ದಾರೆ. ಸಾವಿರಕ್ಕೂ ಕಡಿಮೆ ಜನ, ಕೆಲವರು ಗೆರಿಜೀಮ್ ಬೆಟ್ಟದ ಮೇಲೆ, ಕೆಲವರು ಟೆಲ್ ಅವಿವ್ ಹತ್ತಿರದ ಹೋಲೋನಿನಲ್ಲಿ. ಪಸ್ಕಕ್ಕೆ ಈಗಲೂ ಬೆಟ್ಟದ ಮೇಲೆ ಕುರಿ ಬಲಿ ಕೊಡುತ್ತಾರೆ.

ಶಿರಸಿ_ಓದುಗ:

ಅಕ್ಕ, ಇಳಿಜಾರಿನ ಮಾತು ಭಾರಿ ಚೆನ್ನಾಗಿತ್ತು. ಹೆರೋದ್ಯರು ಮಾತ್ರ ಬಾಕಿ ಉಳಿದರು.

ಸುಂಕದಕಟ್ಟೆ_ನಿವಾಸಿ:

ಅವರು ಧರ್ಮದ ಪಂಥ ಅಲ್ಲ, ಹೆರೋದನ ಮನೆತನದ ಕಡೆಯವರು. ಮಾರ್ಕನಲ್ಲಿ ಎರಡೇ ಸಲ ಮುಖ ತೋರಿಸುತ್ತಾರೆ, 3:6 ಮತ್ತು 12:13, ಎರಡು ಸಲವೂ ಫರಿಸಾಯರ ಜೊತೆ. ಎರಡನೆಯದು ಕೈಸರನಿಗೆ ತೆರಿಗೆ ಕೊಡಬೇಕೋ ಬೇಡವೋ ಅನ್ನೋ ಪ್ರಶ್ನೆ. ಕೊಡಿ ಅಂದರೆ ಸುತ್ತ ನಿಂತ ಜನ ತಿರುಗಿ ಬೀಳುತ್ತಾರೆ, ಬೇಡ ಅಂದರೆ ಪಿಲಾತನಿಗೆ ಚಾಡಿ ಹೇಳಲು ಸಾಕ್ಷಿ ರೆಡಿ. ಯೇಸು ನಾಣ್ಯ ತನ್ನಿ ಅಂತ ಕೇಳುತ್ತಾನೆ. ತಂದುಕೊಡುತ್ತಾರೆ, ಚಕ್ರವರ್ತಿಯ ತಲೆ ಇರುವ ನಾಣ್ಯ. ದೇವಾಲಯದಲ್ಲಿ ನಿಂತುಕೊಂಡು ಇಂಥ ಪ್ರಶ್ನೆ ಕೇಳಿದವರಿಗೆ ಆ ನಾಣ್ಯ ಸಿಗಲು ತಡವೇ ಆಗಲಿಲ್ಲ ನೋಡಿ.

ಲೂಕ ಓದುವಾಗ ಮೊದಲನೇ ಅಧ್ಯಾಯದಲ್ಲೇ ಜಕರೀಯ ಅಬೀಯನ ವರ್ಗದ ಯಾಜಕ ಅಂತ ಬರುತ್ತದೆ. ಯಾಜಕರಲ್ಲಿ 24 ವರ್ಗಗಳಿದ್ದವು, ಸರದಿ ಪ್ರಕಾರ ಒಂದೊಂದು ವಾರ ದೇವಾಲಯದ ಸೇವೆ, ಉಳಿದ ದಿನ ಊರಲ್ಲಿ. ಅಷ್ಟು ಗೊತ್ತಿದ್ದರೆ ಅಲ್ಲಿ ಎಡವುವುದಿಲ್ಲ.